‘ಸುಲಭದ ಕವಿ’ ಎಂಬ ಆಪಾದನೆ

ಅಮೆರಿಕದ ಕವಿ ಟೆಡ್ ಕೂಸರ್ ಅವರ ‘ಶ್ಯೂರ್ ಸೈನ್ಸ್’ (1980) ಸಂಕಲನದಲ್ಲಿ, ತನ್ನ ಪುಸ್ತಕಕ್ಕೆ ಎಂಥ ಓದುಗರು ಬೇಕು ಎಂಬುದನ್ನೇ ವಸ್ತುವಾಗಿಸಿಕೊಂಡ ಪುಟ್ಟ ಕವಿತೆಯೊಂದಿದೆ. ಕವಿ ಆರಿಸಿಕೊಳ್ಳುವುದು ಒಬ್ಬ ಹೆಂಗಸನ್ನು. ಆಕೆ ಪುಸ್ತಕದಂಗಡಿಗೆ ಬರುತ್ತಾಳೆ. ತೊಟ್ಟಿರುವುದು ಹಳೆಯ, ಕೊಳೆಯಾದ ರೇನ್‌ಕೋಟು. ಅದನ್ನು ಶುಚಿ ಮಾಡಿಸುವಷ್ಟು ದುಡ್ಡು ಕೈಯಲ್ಲಿಲ್ಲ. ಕನ್ನಡಕ ಹಾಕಿಕೊಂಡು ಕವಿಯ ಪುಸ್ತಕದ ನಾಲ್ಕು ಹಾಳೆ ತಿರುವುತ್ತಾಳೆ, ಮತ್ತೆ ಅದನ್ನು ಇದ್ದ ಜಾಗಕ್ಕೇ ಸೇರಿಸುತ್ತಾಳೆ. ಇಷ್ಟು ದುಡ್ಡಿಗೆ ಕೋಟನ್ನೇ ಡ್ರೈಕ್ಲೀನಿಂಗಿಗೆ ಕೊಡಬಹುದು ಎನ್ನುವುದು ಆಕೆಯ ಲೆಕ್ಕ. ಆ ಲೆಕ್ಕದಲ್ಲಿ ತಪ್ಪೇನಿದೆ ಎನ್ನುವಂತೆ ಕವಿತೆ ಅಲ್ಲಿಗೇ ಮುಗಿಯುತ್ತದೆ.

ಪುಸ್ತಕ ಕೊಳ್ಳದೆ ಹೋದವಳನ್ನೇ ತನ್ನವಳೆಂದು ಆರಿಸಿಕೊಳ್ಳುವ ಕವಿ ಅಪರೂಪ. ನಕ್ಕು ಮರೆತುಬಿಡಬಹುದಾದ ಕವಿತೆ ಎಂದು ಮೊದಲ ಓದಿಗೆ ಅನ್ನಿಸೀತು. ಆದರೆ ಕೂಸರ್ ಅವರ ಅರ್ಧ ಶತಮಾನಕ್ಕೂ ಮೀರಿದ ಬರವಣಿಗೆಯನ್ನು ಒಟ್ಟಾಗಿ ನೋಡಿದರೆ ಅವರ ಕಾವ್ಯಧರ್ಮವೆಲ್ಲ ಆ ಹೆಂಗಸಿನ ಸುತ್ತಲೇ ಬೆಳೆದದ್ದು ಕಾಣುತ್ತದೆ. ಓದುವವರು ಕವಿಗೆ ಏನನ್ನೂ ಬಾಕಿ ಉಳಿಸಿಕೊಂಡಿಲ್ಲ. ಅವರ ಹೊತ್ತು, ದುಡ್ಡು, ಗಮನ ಮೂರಕ್ಕೂ ಬೇರೆ ಕಡೆ ಅಗತ್ಯವಿದೆ. ಇದು ಗೊತ್ತಿದ್ದೇ ಬರೆಯಬೇಕು. ಕೂಸರ್ ಅವರನ್ನು ‘ಸುಲಭದ ಕವಿ’ ಎಂದು ಹೊಗಳುವವರೂ ಅದೇ ಮಾತಿನಿಂದ ತೆಗಳುವವರೂ ಈ ಅಂಶವನ್ನು ಬಿಟ್ಟೇ ಮಾತಾಡುತ್ತಾರೆ ಎಂಬುದು ನನ್ನ ವಾದ. ಅವರ ಕವಿತೆಯ ತಿಳಿತನ ವರ್ಷಗಟ್ಟಲೆ ರೂಢಿಸಿಕೊಂಡ ಶಿಸ್ತು. ಆ ಶಿಸ್ತಿಗೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ.

ಕೂಸರ್ ಹುಟ್ಟಿದ್ದು 1939ರಲ್ಲಿ, ಅಯೋವಾ ರಾಜ್ಯದ ಏಮ್ಸ್ ಎಂಬ ಊರಿನಲ್ಲಿ. ತಂದೆ ಅಂಗಡಿಯೊಂದರ ಮ್ಯಾನೇಜರು. ಅಯೋವಾ ಎಂದೊಡನೆ ಅಮೆರಿಕದ ಸಾಹಿತ್ಯ ಬಲ್ಲವರಿಗೆ ನೆನಪಾಗುವುದು ಅಯೋವಾ ಸಿಟಿಯ ರೈಟರ್ಸ್ ವರ್ಕ್‌ಶಾಪ್. 1936ರಿಂದ ನಡೆದುಬಂದಿರುವ ಆ ತರಗತಿಗಳೇ ಮುಂದೆ ದೇಶದ ಮೂಲೆಮೂಲೆಯ ವಿಶ್ವವಿದ್ಯಾಲಯಗಳಲ್ಲಿ ‘ಸೃಜನಶೀಲ ಬರವಣಿಗೆ’ಯ ಪದವಿ ಹುಟ್ಟಿಕೊಳ್ಳಲು ಮಾದರಿಯಾದವು. ಅದೇ ರಾಜ್ಯದಲ್ಲಿ ಹುಟ್ಟಿದರೂ ಕೂಸರ್ ಆ ಬಾಗಿಲು ಹೊಕ್ಕವರಲ್ಲ. 1962ರಲ್ಲಿ ಅಯೋವಾ ಸ್ಟೇಟ್‌ನಲ್ಲಿ ಪದವಿ ಮುಗಿಸಿ, ಒಂದು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ, ನೆಬ್ರಾಸ್ಕ ವಿಶ್ವವಿದ್ಯಾಲಯಕ್ಕೆ ಹೋದರು. ಹೋದದ್ದು ಅಲ್ಲಿದ್ದ ಕವಿ ಕಾರ್ಲ್ ಶಪೀರೊ ಅವರಿಗಾಗಿ. ಕವಿಯ ಸಹವಾಸ ಸಿಕ್ಕಿತು, ಪಾಠಗಳ ಮೇಲಿನ ಗಮನ ತಪ್ಪಿತು, ವಿದ್ಯಾರ್ಥಿಗೆ ಸಿಗುತ್ತಿದ್ದ ಸಹಾಯಧನ ನಿಂತಿತು. ಹೊಟ್ಟೆಪಾಡಿಗೆ ಒಂದು ವಿಮಾ ಕಂಪನಿಯಲ್ಲಿ ಕೆಳಗಿನ ದರ್ಜೆಯ ಕೆಲಸ ಹಿಡಿದರು. ತಾತ್ಕಾಲಿಕ ಎಂದುಕೊಂಡು ಹಿಡಿದ ಆ ಕಸುಬಿನಲ್ಲೇ ಸುಮಾರು 35 ವರ್ಷ ಕಳೆದವು. 1999ರಲ್ಲಿ ನಿವೃತ್ತರಾಗುವಾಗ ಅವರು ಲಿಂಕನ್ ಬೆನಿಫಿಟ್ ಲೈಫ್ ಕಂಪನಿಯ ಉಪಾಧ್ಯಕ್ಷರಲ್ಲಿ ಒಬ್ಬರು.

ಬೆಳಗಿನ ಜಾವ ನಾಲ್ಕೂವರೆಗೆ ಏಳುವುದು, ಏಳು ಗಂಟೆಯವರೆಗೆ ಬರೆಯುವುದು, ಆಮೇಲೆ ಟೈ ಕಟ್ಟಿಕೊಂಡು ಆಫೀಸಿಗೆ ಹೋಗುವುದು. ಇಷ್ಟೂ ವರ್ಷ ಇದೇ ದಿನಚರಿ. ನೌಕರಿ ಮಾಡುತ್ತಲೇ ಬರೆದವರು ನಮಗೆ ಹೊಸಬರಲ್ಲ; ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಗುಮಾಸ್ತಿಕೆಯಲ್ಲಿದ್ದವರು, ಮಾಸ್ತಿ ಅಮಲ್ದಾರಿಕೆ ಮಾಡಿದವರು. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಅಮೆರಿಕದಲ್ಲಿ ಕವಿಯಾದವರು ಪ್ರಾಧ್ಯಾಪಕರೂ ಆಗಿರುವುದು ಬಹುಮಟ್ಟಿಗೆ ವಾಡಿಕೆಯಾಗಿತ್ತು. ಕವಿ ಡೇನಾ ಜೋಯಾ 1991ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ತಕರಾರೇ ಇದು. ಕಾವ್ಯ ವಿಶ್ವವಿದ್ಯಾಲಯದ ಕಾಂಪೌಂಡಿನೊಳಗಿನ ಸಣ್ಣ ಪಂಗಡದ ಸ್ವತ್ತಾಗಿದೆ. ಕವಿಗಳು ಕವಿಗಳಿಗಾಗಿ ಬರೆದು, ಕವಿಗಳಿಂದಲೇ ಹೊಗಳಿಸಿಕೊಂಡು, ಕವಿಗಳಾಗಬೇಕೆಂದಿರುವವರಿಗೆ ಪಾಠ ಹೇಳುತ್ತಾರೆ ಎಂಬುದು ಅದರ ಸಾರ. ಜೋಯಾ ಸ್ವತಃ ಜನರಲ್ ಫುಡ್ಸ್ ಕಂಪನಿಯಲ್ಲಿ ಅಧಿಕಾರಿಯಾಗಿದ್ದವರು. ಕೂಸರ್ ಅವರ ಬಗ್ಗೆ ಆಸ್ಥೆಯಿಂದ ಬರೆದ ಮೊದಮೊದಲ ವಿಮರ್ಶಕರಲ್ಲಿ ಅವರೂ ಒಬ್ಬರು ಎಂಬುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಇಲ್ಲಿ ಅವಸರಪಟ್ಟು ಒಂದು ತೀರ್ಮಾನಕ್ಕೆ ಹಾರಬಾರದು. ವಿಮಾ ಕಂಪನಿಯ ನೌಕರಿಯೇ ಕೂಸರ್ ಅವರಿಗೆ ತಿಳಿಯಾದ ಭಾಷೆ ಕೊಟ್ಟಿತು ಎಂದರೆ, ವಾಲೆಸ್ ಸ್ಟೀವನ್ಸ್ ಎದುರಿಗೆ ನಿಲ್ಲುತ್ತಾರೆ. ಅವರೂ ವಿಮಾ ಕಂಪನಿಯವರೇ, ಹಾರ್ಟ್‌ಫರ್ಡ್ ನಗರದಲ್ಲಿ, ಅವರೂ ಉಪಾಧ್ಯಕ್ಷರೇ. ಅವರ ಕವಿತೆಯಾದರೋ ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಕಾವ್ಯದಲ್ಲೇ ಬಿಡಿಸಲು ಕಷ್ಟವಾದವುಗಳ ಸಾಲಿನದು. ಒಂದೇ ಕಸುಬು, ಎರಡು ವಿರುದ್ಧ ದಿಕ್ಕು. ವ್ಯತ್ಯಾಸ ಇದ್ದದ್ದು ಕವಿತೆಯನ್ನು ಆಫೀಸಿನ ಜನರೊಡನೆ ಏನು ಮಾಡಿದರು ಎಂಬುದರಲ್ಲಿ. ಸ್ಟೀವನ್ಸ್ ಎರಡು ಲೋಕಗಳನ್ನೂ ದೂರದೂರ ಇಟ್ಟರು. ಕೂಸರ್ ಬೆಳಿಗ್ಗೆ ಬರೆದದ್ದನ್ನು ಆಫೀಸಿನಲ್ಲಿ ತಮ್ಮ ಸೆಕ್ರೆಟರಿಗೆ ತೋರಿಸುತ್ತಿದ್ದರು. ಆಕೆ ಸಾಹಿತ್ಯ ಓದಿಕೊಂಡವರಲ್ಲ. ಆಕೆಗೆ ಅರ್ಥವಾಗದಿದ್ದರೆ ಕವಿತೆ ಮತ್ತೆ ಮನೆಗೆ ಹೋಗಿ ತಿದ್ದುಪಡಿಗೆ ಕೂರುತ್ತಿತ್ತು. ಹತ್ತಾರು ಸಾಲಿನ ಕವಿತೆಗೆ ಮೂವತ್ತು, ನಲವತ್ತು ಕರಡು ಆಗುವುದು ಅವರಲ್ಲಿ ಸಾಮಾನ್ಯ.

ಈ ಸಂಗತಿಯನ್ನು ಕೇಳಿದ ಕೂಡಲೇ ಹುಬ್ಬೇರಿಸುವವರಿದ್ದಾರೆ. ಟೈಪ್ ಮಾಡುವವರಿಗೆ ಅರ್ಥವಾಗುವುದೇ ಕಾವ್ಯದ ಅಳತೆಗೋಲಾದರೆ ಕಾವ್ಯದ ಗತಿ ಏನು? ಈ ಪ್ರಶ್ನೆಯಲ್ಲಿ ಕೊಂಚ ಜಂಬವಿದೆ, ಕೊಂಚ ನಿಜವೂ ಇದೆ. ಉತ್ತರವನ್ನು ಕವಿತೆಯಲ್ಲೇ ಹುಡುಕಬೇಕು.

ಅವರ ಹೆಸರಾಂತ ಆರಂಭಕಾಲದ ಕವಿತೆಗಳಲ್ಲಿ ಒಂದು ಪಾಳುಬಿದ್ದ ತೋಟದ ಮನೆಯ ಕುರಿತದ್ದು. ಅದರಲ್ಲಿ ಮನುಷ್ಯರಿಲ್ಲ. ಮನೆಯಲ್ಲಿ ಉಳಿದುಹೋದ ಸಾಮಾನುಗಳೇ ಸಾಕ್ಷಿ ನುಡಿಯುತ್ತವೆ. ಬೂಟಿನ ಅಳತೆ ನೋಡಿದರೆ ಗಂಡಸು ದೊಡ್ಡಾಳು. ಮಂಚದ ಉದ್ದವೂ ಅದನ್ನೇ ಹೇಳುತ್ತದೆ. ಬೈಬಲ್ಲಿನ ಬೆನ್ನು ಮುರಿದಿರುವುದರಿಂದ ದೈವಭಕ್ತ. ಕಲ್ಲು ತುಂಬಿದ ಹೊಲ, ಸೋರುವ ಕೊಟ್ಟಿಗೆ ನೋಡಿದರೆ ಬೇಸಾಯ ಅವನಿಗೆ ಒಗ್ಗಿದ್ದಲ್ಲ. ಹೆಂಗಸೊಬ್ಬಳಿದ್ದಳು, ಮಗು ಇತ್ತು, ದುಡ್ಡಿಗೆ ತತ್ವಾರವಿತ್ತು. ಏನೋ ಕೆಟ್ಟದ್ದು ನಡೆದಿದೆ. ಏನು ಎಂಬುದನ್ನು ಕವಿತೆ ಬಾಯಿ ಬಿಡುವುದಿಲ್ಲ.

ಜೀವ ವಿಮೆಯ ಅಂಡರ್‌ರೈಟರ್ ಮಾಡುವ ಕೆಲಸವೂ ಇದೇ ಅಲ್ಲವೇ? ಕೂಸರ್ ಆ ವಿಭಾಗದಲ್ಲಿ ವರ್ಷಗಳನ್ನು ಕಳೆದವರು. ಪಾಲಿಸಿ ಕೇಳಿದವರ ಮುಖವನ್ನು ಅಂಡರ್‌ರೈಟರ್ ನೋಡುವುದಿಲ್ಲ. ಮೇಜಿನ ಮೇಲೆ ಬರುವುದು ಪ್ರಪೋಸಲ್ ಫಾರಂ: ವಯಸ್ಸು, ಎತ್ತರ, ತೂಕ, ಕಸುಬು, ಸಿಗರೇಟು ಸೇದುತ್ತಾರೋ ಇಲ್ಲವೋ, ತಂದೆ ಎಷ್ಟನೆಯ ವಯಸ್ಸಿಗೆ ತೀರಿಕೊಂಡರು, ಯಾವ ಕಾಯಿಲೆಯಿಂದ. ಈ ಒಣ ವಿವರಗಳಿಂದ ಕಾಣದ ಮನುಷ್ಯನೊಬ್ಬನ ಬಾಳನ್ನು ಊಹಿಸಿ, ಅವನ ಸಾವಿನ ಸಂಭವಕ್ಕೆ ಒಂದು ಬೆಲೆ ಕಟ್ಟಬೇಕು. ಪಾಳು ಮನೆಯ ಕವಿತೆ ಓದುವುದು ಥೇಟ್ ಹಾಗೆಯೇ. ಕೊನೆಯಲ್ಲಿ ಮಾತ್ರ ಬೆಲೆ ಕಟ್ಟಲು ಒಪ್ಪುವುದಿಲ್ಲ. ಪ್ರತಿ ವಾಕ್ಯವೂ ಸೆಕ್ರೆಟರಿಗೆ ಅರ್ಥವಾಗುವಂಥದ್ದು. ಒಟ್ಟು ಕವಿತೆ ಕೈಗೆ ಸಿಗುವುದಿಲ್ಲ. ಪದ ತಿಳಿಯದೆ ಹುಟ್ಟುವ ಕಷ್ಟ ಬೇರೆ, ಪದಗಳೆಲ್ಲ ತಿಳಿದ ಮೇಲೂ ಉಳಿಯುವ ಕಷ್ಟ ಬೇರೆ. ಕೂಸರ್ ಮೊದಲನೆಯದನ್ನು ತೆಗೆದುಹಾಕುವುದು ಎರಡನೆಯದು ನಿಚ್ಚಳವಾಗಿ ಕಾಣಲೆಂದು. ‘ಸುಲಭ’ ಎನ್ನುವ ಮಾತು ಈ ಎರಡನ್ನೂ ಒಂದೇ ಗೂಟಕ್ಕೆ ಕಟ್ಟುತ್ತದೆ.

1998ರಲ್ಲಿ ಅವರಿಗೆ ಬಾಯಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಶಸ್ತ್ರಚಿಕಿತ್ಸೆ, ಆಮೇಲೆ ರೇಡಿಯೇಷನ್. ಬರವಣಿಗೆ ನಿಂತೇ ಹೋಯಿತು. ಬಿಸಿಲಿಗೆ ಮೈಯೊಡ್ಡಬಾರದೆಂದು ವೈದ್ಯರು ಹೇಳಿದ್ದರಿಂದ, ಗಾರ್ಲಂಡ್ ಎಂಬ ಸಣ್ಣ ಊರಿನ ಬಳಿಯ ತಮ್ಮ ಮನೆಯ ಸುತ್ತಲ ಹಳ್ಳಿರಸ್ತೆಯಲ್ಲಿ ಸೂರ್ಯ ಹುಟ್ಟುವ ಮುಂಚೆಯೇ ನಡೆಯಲು ಹೋಗುತ್ತಿದ್ದರು. ನವೆಂಬರಿನ ಒಂದು ಬೆಳಿಗ್ಗೆ ನಡೆದು ಬಂದವರು, ಮತ್ತೆ ಬರೆಯಲಾಗುತ್ತದೋ ಇಲ್ಲವೋ ಎಂದು ನೋಡಲು ಕೂತರು; ಸಣ್ಣದೊಂದು ಕವಿತೆ ಬಂತು. ಅದನ್ನು ಪೋಸ್ಟ್‌ಕಾರ್ಡಿಗೆ ಅಂಟಿಸಿ ಗೆಳೆಯ ಜಿಮ್ ಹ್ಯಾರಿಸನ್ ಅವರಿಗೆ ಕಳಿಸಿದರು. ಹ್ಯಾರಿಸನ್ ಮಿಷಿಗನ್ನಿನ ಕಾದಂಬರಿಕಾರ, ಕವಿ. ‘ಲೆಜೆಂಡ್ಸ್ ಆಫ್ ದಿ ಫಾಲ್’ ಬರೆದವರು. ಚಳಿಗಾಲ ಮುಗಿಯುವ ತನಕ ಹೀಗೆ ಕಾರ್ಡುಗಳು ಹೋದವು. ಅವುಗಳಲ್ಲಿ 100 ಸೇರಿ 2000ದಲ್ಲಿ ‘ವಿಂಟರ್ ಮಾರ್ನಿಂಗ್ ವಾಕ್ಸ್’ ಎಂಬ ಪುಸ್ತಕವಾಯಿತು.

ಕ್ಯಾನ್ಸರ್ ಕುರಿತ ಪುಸ್ತಕ ಎಂದುಕೊಂಡು ಅದನ್ನು ತೆರೆದವರಿಗೆ ಮೊದಲು ಸಿಗುವುದು ಹವಾಮಾನ. ಪ್ರತಿ ಕವಿತೆಯ ತಲೆಗೆ ತಾರೀಖು, ಅದರ ಕೆಳಗೆ ಆ ದಿನದ ಮೋಡ, ಮಂಜು, ಗಾಳಿಯ ಒಂದು ಚುಟುಕು ಟಿಪ್ಪಣಿ. ರೋಗದ ಹೆಸರು ಬರುವುದೇ ಕಡಿಮೆ. ಬೇಲಿಕಂಬ, ಕಾಗೆ, ಹೆಪ್ಪುಗಟ್ಟಿದ ಚರಂಡಿ, ಹೆಂಡತಿಯ ಜೊತೆಗಿನ ನಾಲ್ಕು ಹೆಜ್ಜೆ. ಒಬ್ಬ ಮನುಷ್ಯ ಬದುಕುತ್ತೇನೋ ಇಲ್ಲವೋ ಎಂದು ತಿಳಿಯದೆ ದಿನವೂ ಇವನ್ನೇ ನೋಡುತ್ತಿದ್ದಾನೆ ಎಂಬುದು ಮಾತ್ರ ಓದುವವರ ತಲೆಯಿಂದ ಹೋಗುವುದಿಲ್ಲ. ಸ್ವಂತ ಸಂಕಟವನ್ನು ಗೆಳೆಯನ ತಲೆಗೆ ಕಟ್ಟದೆ ಅವನಿಗೇ ಹೇಳುವುದು ಹೇಗೆ ಎಂಬ ಪ್ರಶ್ನೆಗೆ ಪೋಸ್ಟ್‌ಕಾರ್ಡಿನ ಅಳತೆ ಉತ್ತರ ಕೊಟ್ಟಿತು. ಮುಂದೆ ಸಂಗೀತ ಸಂಯೋಜಕಿ ಮರಿಯಾ ಷ್ನೈಡರ್ ಇವುಗಳಲ್ಲಿ ಕೆಲವನ್ನು ಗಾಯಕಿ ಡಾನ್ ಅಪ್‌ಷಾಗಾಗಿ ಸಂಗೀತಕ್ಕೆ ಅಳವಡಿಸಿದರು. ಆ ಆಲ್ಬಂ 2014ರಲ್ಲಿ ಮೂರು ಗ್ರ್ಯಾಮಿ ಪಡೆಯಿತು. ಅದು ಬೇರೆ ಕತೆ.

ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಅಂಚೆ. ಕೂಸರ್ ಅವರಿಗೆ ಕವಿತೆಯನ್ನು ತಲುಪಿಸುವುದೂ ಕವಿತೆ ಬರೆಯುವುದರ ಭಾಗವೇ. 1986ರಿಂದ 2007ರವರೆಗೆ ಪ್ರತಿ ವರ್ಷ ವ್ಯಾಲೆಂಟೈನ್ ದಿನಕ್ಕೆ ಒಂದು ಕವಿತೆ ಬರೆದು, ಕಾರ್ಡಿನಲ್ಲಿ ಅಚ್ಚು ಹಾಕಿಸಿ ಹೆಂಗಸರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಪರಿಚಯದ ಐವತ್ತು ಜನರಿಂದ ಶುರುವಾದ ಪಟ್ಟಿ ಕೊನೆಗೆ ಎರಡು ಸಾವಿರ ದಾಟಿತು. ಅಂಚೆಯ ಖರ್ಚು ಹೊರಲಾಗದೆ ನಿಲ್ಲಿಸಿದರು. (ಇದನ್ನೆಲ್ಲ ಅವರ ಹೆಂಡತಿ ಹೇಗೆ ತಾಳಿಕೊಂಡರು ಎಂದು ಕೇಳಬೇಕೆನಿಸುತ್ತದೆ. ಆಕೆ ಪತ್ರಕರ್ತೆ, ಲಿಂಕನ್ ನಗರದ ದಿನಪತ್ರಿಕೆಯ ಸಂಪಾದಕರಾಗಿದ್ದವರು.) ಅದಕ್ಕೂ ಮೊದಲು ವಿಂಡ್‌ಫ್ಲವರ್ ಎಂಬ ಪುಟ್ಟ ಪ್ರಕಾಶನ ನಡೆಸಿ, ತಮ್ಮ ಬಯಲುಸೀಮೆಯ ಕವಿಗಳನ್ನು ಅಚ್ಚು ಹಾಕುತ್ತಿದ್ದರು. 2003ರಲ್ಲಿ ಹ್ಯಾರಿಸನ್ ಜೊತೆ ಸೇರಿ ತಂದ ‘ಬ್ರೇಡೆಡ್ ಕ್ರೀಕ್’ ಸಂಕಲನದಲ್ಲಂತೂ ಯಾವ ಪದ್ಯ ಯಾರದ್ದು ಎಂದೇ ನಮೂದಿಸಿಲ್ಲ. ಕೇಳಿದವರಿಗೆ ಇಬ್ಬರೂ ಹೇಳಲಿಲ್ಲ.

ಇಂಥ ಮನುಷ್ಯನಿಗೆ 2004ರ ಆಗಸ್ಟಿನಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಫೋನು ಬಂತು: ನೀವು ದೇಶದ ಪೊಯೆಟ್ ಲಾರಿಯೇಟ್ ಆಗಬೇಕು ಎಂದು. ನಮ್ಮ ರಾಷ್ಟ್ರಕವಿ ಬಿರುದಿನ ಹಾಗೆ ಅದು ಜೀವಮಾನದ ಗೌರವವಲ್ಲ. ಒಂದು ವರ್ಷದ ಹುದ್ದೆ, ಇಷ್ಟವಿದ್ದರೆ ಇನ್ನೊಂದು ವರ್ಷ, ಖಾಸಗಿ ದತ್ತಿಯಿಂದ ಬರುವ 35,000 ಡಾಲರ್ ಸಂಭಾವನೆ. ಗ್ರೇಟ್ ಪ್ಲೇನ್ಸ್ ಎನ್ನುವ ನಡುನಾಡಿನ ಬಯಲಿನಿಂದ ಆ ಹುದ್ದೆಗೆ ಬಂದವರಲ್ಲಿ ಇವರೇ ಮೊದಲಿಗರು. ಸುದ್ದಿ ಕೇಳಿದ ಗಾಬರಿಯಲ್ಲಿ ಗ್ಯಾರೇಜಿನಿಂದ ಕಾರನ್ನು ಹಿಂದಕ್ಕೆ ತೆಗೆಯುವಾಗ ಪಕ್ಕದ ಕನ್ನಡಿಯನ್ನು ಕಿತ್ತುಹಾಕಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಮರುವರ್ಷ ಏಪ್ರಿಲಿನಲ್ಲಿ ‘ಡಿಲೈಟ್ಸ್ ಅಂಡ್ ಶ್ಯಾಡೋಸ್’ ಸಂಕಲನಕ್ಕೆ ಪುಲಿಟ್ಜರ್ ಬಂತು. ಹುದ್ದೆಯ ಅವಧಿಯೂ ಮುಂದುವರಿಯಿತು.

ಅವರಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವರು ಲೂಯಿಸ್ ಗ್ಲಿಕ್, ಮುಂದೆ 2020ರಲ್ಲಿ ನೊಬೆಲ್ ಪಡೆದವರು. ಇವರಿಬ್ಬರನ್ನು ಪಕ್ಕಪಕ್ಕ ಇಟ್ಟು ನೋಡುವುದು ನನಗೆ ಇಷ್ಟ. ಗ್ಲಿಕ್ ತಮ್ಮ ನೊಬೆಲ್ ಉಪನ್ಯಾಸದಲ್ಲಿ, ತುಂಬಿದ ಮೈದಾನದ ಚಪ್ಪಾಳೆಗಿಂತ ಕವಿತೆಗೂ ಒಬ್ಬ ಓದುಗನಿಗೂ ನಡುವೆ ಗುಟ್ಟಾಗಿ ನಡೆಯುವ ಮಾತುಕತೆಯೇ ತಮ್ಮನ್ನು ಸೆಳೆದದ್ದು ಎಂಬ ಅರ್ಥದ ಮಾತಾಡಿದರು. ಕೂಸರ್ ಬರೆಯುವುದೂ ಒಬ್ಬರಿಗೇ. ಗ್ಲಿಕ್ ಅವರ ಆ ಒಬ್ಬರು ಕವಿತೆಯನ್ನು ಹುಡುಕಿಕೊಂಡು ಬಂದವರು, ಅದಿಲ್ಲದೆ ಆಗದು ಎನ್ನುವವರು; ಕೂಸರ್ ಅವರ ಆ ಒಬ್ಬರಿಗೆ ಕವಿತೆ ಇಲ್ಲದೆಯೂ ದಿನ ಕಳೆಯುತ್ತದೆ. ಮೊದಲನೆಯವರಿಗೆ ಬರೆಯುವಾಗ ಕವಿ ಮೌನವನ್ನು ನಂಬಬಹುದು. ಎರಡನೆಯವರಿಗೆ ಬರೆಯುವಾಗ ಮೊದಲ ಸಾಲಿನಲ್ಲೇ ಕೂರಲು ಜಾಗ ತೋರಿಸಬೇಕು. ಯಾವುದು ಹೆಚ್ಚು ಕಷ್ಟ ಎಂದು ಕೇಳಿದರೆ ನಾನು ಎರಡನೆಯದು ಎನ್ನುತ್ತೇನೆ. ಹಾಗೆಂದು ಅದರಿಂದ ಹುಟ್ಟಿದ ಕವಿತೆ ಹೆಚ್ಚು ದೊಡ್ಡದು ಎಂದೇನೂ ಆಗುವುದಿಲ್ಲ. ಗ್ಲಿಕ್ ಅವರೇ ದೊಡ್ಡ ಕವಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹುದ್ದೆಗೆ ಬಂದ ಕೂಸರ್ ಗ್ರಂಥಾಲಯ, ಶಾಲೆ, ರೋಟರಿ ಕ್ಲಬ್ಬು ಎಂದು ಸುತ್ತಿದರು. ಉಳಿದುಬಂದ ಕೆಲಸ ಮಾತ್ರ ಒಂದು ಪತ್ರಿಕಾ ಅಂಕಣ. 2005ರಲ್ಲಿ ಶುರುವಾದ ‘ಅಮೆರಿಕನ್ ಲೈಫ್ ಇನ್ ಪೊಯೆಟ್ರಿ’ಯ ಏರ್ಪಾಡು ಸರಳ. ವಾರಕ್ಕೊಂದು ಕವಿತೆ, ಬದುಕಿರುವ ಅಮೆರಿಕನ್ ಕವಿಯದ್ದು, ಉದ್ದ ಕಡಿಮೆ. ಮೇಲೆ ಕೂಸರ್ ಅವರ ಎರಡು ಮೂರು ವಾಕ್ಯದ ಪರಿಚಯ. ಯಾವ ಪತ್ರಿಕೆಯಾದರೂ ಪುಕ್ಕಟೆಯಾಗಿ ಹಾಕಿಕೊಳ್ಳಬಹುದು. ಆ ಪರಿಚಯದ ವಾಕ್ಯಗಳು ಕವಿತೆಯನ್ನು ವಿವರಿಸುತ್ತಿರಲಿಲ್ಲ. ಬಾಗಿಲು ತೆರೆದು ಪಕ್ಕಕ್ಕೆ ಸರಿಯುತ್ತಿದ್ದವು. ನೂರಾರು ಪತ್ರಿಕೆಗಳಲ್ಲಿ, ಅದರಲ್ಲೂ ಸಣ್ಣ ಊರಿನ ವಾರಪತ್ರಿಕೆಗಳಲ್ಲಿ, ಅದು ಹತ್ತಾರು ಲಕ್ಷ ಓದುಗರ ಮನೆಗೆ ಹೋಯಿತು. ಇದಕ್ಕೆ ಬೆಂಬಲ ನೀಡಿದ ಪೊಯೆಟ್ರಿ ಫೌಂಡೇಷನ್ ಹುಟ್ಟಿದ್ದು ಔಷಧ ಕಂಪನಿಯ ವಾರಸುದಾರೆ ರೂತ್ ಲಿಲಿ 2002ರಲ್ಲಿ ‘ಪೊಯೆಟ್ರಿ’ ಪತ್ರಿಕೆಗೆ ಕೊಟ್ಟ ಸುಮಾರು 10 ಕೋಟಿ ಡಾಲರ್ ದತ್ತಿಯಿಂದ. ಅದೇ ಪತ್ರಿಕೆ ಹಿಂದೆ ಆಕೆ ಕಳಿಸಿದ ಕವಿತೆಗಳನ್ನು ಸವಿನಯವಾಗಿ ವಾಪಸು ಮಾಡಿತ್ತು. ಸಂಪಾದಕರು ವಿಷಾದಪತ್ರವನ್ನು ಮೃದುವಾಗಿ ಬರೆಯುವುದು ಒಳ್ಳೆಯದು ಎನ್ನಲು ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಅಂಕಣದಿಂದ ಕವಿತೆ ಓದುವವರು ಹೆಚ್ಚಾದರೇ? ಇಲ್ಲಿ ಅಂಕಿಅಂಶ ನನ್ನ ಪಕ್ಷಕ್ಕೆ ಬರುವುದಿಲ್ಲ. ಅಮೆರಿಕದ ಸರ್ಕಾರಿ ಕಲಾ ನಿಧಿಯ ಸಮೀಕ್ಷೆಯ ಪ್ರಕಾರ, ವರ್ಷದಲ್ಲಿ ಒಮ್ಮೆಯಾದರೂ ಕವಿತೆ ಓದಿದ ವಯಸ್ಕರು 2002ರಲ್ಲಿ ಶೇ. 12.1. ಅಂಕಣ ಪ್ರಕಟವಾಗುತ್ತಿದ್ದ 2012ಕ್ಕೆ ಅದು ಶೇ. 6.7ಕ್ಕೆ ಇಳಿಯಿತು. 2017ರಲ್ಲಿ ಮತ್ತೆ ಶೇ. 11.7ಕ್ಕೆ ಏರಿತು, ಏರಿಕೆ ಹೆಚ್ಚು ಕಂಡದ್ದು 18ರಿಂದ 24ರ ವಯಸ್ಸಿನವರಲ್ಲಿ. ಅವರ ಕೈಯಲ್ಲಿದ್ದದ್ದು ಊರ ಪತ್ರಿಕೆಯೋ ಫೋನೋ ಎಂದು ಕೇಳಬೇಕಾಗಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ನಾಲ್ಕು ಸಾಲಿನ ಪದ್ಯಗಳು ಲಕ್ಷಗಟ್ಟಲೆ ಜನರ ಬೆರಳ ಕೆಳಗೆ ಹಾಯ್ದ ವರ್ಷಗಳವು; ಕೆನಡಾದ ರೂಪಿ ಕೌರ್ ಅವರ ಮೊದಲ ಪುಸ್ತಕ 2014ರದ್ದು.

ಹಾಗಾದರೆ ಆ ಪದ್ಯಗಳೂ ತಿಳಿಯಾಗಿಯೇ ಇವೆಯಲ್ಲ, ಕೂಸರ್ ಮಾಡಿದ್ದು ಅದನ್ನೇ ಅಲ್ಲವೇ ಎನ್ನಬಹುದು. ಅಲ್ಲ. ಆ ಪದ್ಯಗಳು ಬಹುಪಾಲು ಭಾವವನ್ನು ಹೆಸರು ಹಿಡಿದು ಕರೆಯುತ್ತವೆ: ನೋವು, ಪ್ರೀತಿ, ಗಾಯ, ಮಾಗುವಿಕೆ. ಓದುವವರು ತಮ್ಮದನ್ನು ಅದರಲ್ಲಿ ತುಂಬಿಕೊಳ್ಳುತ್ತಾರೆ. ಕೂಸರ್ ಭಾವದ ಹೆಸರು ಹೇಳುವುದನ್ನು ಆದಷ್ಟು ತಪ್ಪಿಸುತ್ತಾರೆ. ‘ಡಿಲೈಟ್ಸ್ ಅಂಡ್ ಶ್ಯಾಡೋಸ್’ನಲ್ಲಿ ಕ್ಯಾನ್ಸರ್ ಕ್ಲಿನಿಕ್ಕಿನ ದೃಶ್ಯವೊಂದಿದೆ. ರೋಗಿಯೊಬ್ಬಳನ್ನು ಇಬ್ಬರು ಯುವತಿಯರು, ಬಹುಶಃ ಅಕ್ಕತಂಗಿಯರು, ತೋಳು ಹಿಡಿದು ಒಳಗೆ ಕರೆದೊಯ್ಯುತ್ತಿದ್ದಾರೆ. ನರ್ಸು ಬಾಗಿಲು ಹಿಡಿದು ನಿಂತಿದ್ದಾಳೆ. ಆಕೆಗೆ ಆತುರವಿಲ್ಲ, ಅವರಿಗೂ ಇಲ್ಲ. ರೋಗಿಯ ಕಣ್ಣು ತನ್ನ ಪಾದಗಳ ಮೇಲೆ. ಕಾಯುತ್ತ ಕೂತವರ ಕೈಯಲ್ಲಿನ ಪತ್ರಿಕೆಗಳ ಸದ್ದು ನಿಲ್ಲುತ್ತದೆ. ಆಗುವುದು ಇಷ್ಟೇ. ಕವಿ ಅಲ್ಲಿಗೆ ಯಾಕೆ ಬಂದಿದ್ದಾರೆ ಎಂಬುದನ್ನು ಕೂಡ ಹೇಳುವುದಿಲ್ಲ. ಗಮನ ಪೂರ್ತಿಯಾಗಿ ಇನ್ನೊಬ್ಬರ ಮೇಲಿದೆ. ಮೊಬೈಲಿನ ಪದ್ಯ ಓದುವವರಿಗೆ ಅವರ ಮುಖವನ್ನೇ ತೋರಿಸಿದರೆ, ಇದು ಅವರನ್ನು ಬೇರೆಯವರ ಮುಖದ ಕಡೆ ತಿರುಗಿಸುತ್ತದೆ. ತಿಳಿತನದಲ್ಲೂ ಎರಡು ಜಾತಿಯಿದೆ.

ಇನ್ನು ಎದುರುಪಕ್ಷದ ಬಲವಾದ ವಾದ. ಇಂಗ್ಲೆಂಡಿನ ಕವಿ ಜೆಫ್ರಿ ಹಿಲ್ 2000ದ ಸಂದರ್ಶನವೊಂದರಲ್ಲಿ ಹೇಳಿದ್ದರ ತಾತ್ಪರ್ಯ ಇದು: ಮನುಷ್ಯರು ಜಟಿಲರು, ಕವಿತೆ ಮಾತ್ರ ಏಕೆ ಸರಳವಾಗಿರಬೇಕು? ಮಾತನ್ನು ಸರಳಗೊಳಿಸುವುದು ಸರ್ವಾಧಿಕಾರಿಗಳ ಕಲೆ. ಕಠಿಣವಾದ ಕಲೆಯೇ ಜನರ ಬುದ್ಧಿಯನ್ನು ಗೌರವಿಸುವಂಥದ್ದು, ಆದ್ದರಿಂದ ಅದೇ ಪ್ರಜಾಪ್ರಭುತ್ವಕ್ಕೆ ಹತ್ತಿರ. ಅಮೆರಿಕದ ಕವಿ ಚಾರ್ಲ್ಸ್ ಬರ್ನ್‌ಸ್ಟೀನ್ 1999ರಲ್ಲಿ ‘ರಾಷ್ಟ್ರೀಯ ಕಾವ್ಯ ಮಾಸ’ದ ವಿರುದ್ಧ ಬರೆದಾಗಲೂ ತಕರಾರು ಇದೇ ಜಾಡಿನದು. ಎಲ್ಲರಿಗೂ ಹಿಡಿಸಬೇಕೆಂದು ಆರಿಸಿದ ಕವಿತೆ ಯಾರನ್ನೂ ಅಲುಗಾಡಿಸದ ಕವಿತೆಯಾಗುತ್ತದೆ, ಕಾವ್ಯದ ಒಳ್ಳೆಯತನದ ಜಾಹೀರಾತು ಕಾವ್ಯಕ್ಕೇ ಕೇಡು ಎಂದು.

ಹಿಲ್ ಅವರ ಮಾತಿನ ಮೊದಲರ್ಧಕ್ಕೆ ಪಾಳು ಮನೆಯ ಕವಿತೆಯೇ ಜವಾಬು: ಮಾತು ಸರಳವಾದಷ್ಟಕ್ಕೆ ಮನುಷ್ಯ ಸರಳನಾಗುವುದಿಲ್ಲ. ಬರ್ನ್‌ಸ್ಟೀನ್ ಅವರ ಆಕ್ಷೇಪ ಮಾತ್ರ ಚುಚ್ಚುತ್ತದೆ. 2003ರ ಫೆಬ್ರವರಿಯಲ್ಲಿ ಶ್ವೇತಭವನದಲ್ಲಿ ನಡೆಯಬೇಕಿದ್ದ ಕಾವ್ಯಗೋಷ್ಠಿಗೆ ಅಧ್ಯಕ್ಷರ ಪತ್ನಿ ಲಾರಾ ಬುಷ್ ಕಳಿಸಿದ ಕರೆಯನ್ನು ಕವಿ ಸ್ಯಾಮ್ ಹ್ಯಾಮಿಲ್ ತಿರಸ್ಕರಿಸಿ, ಇರಾಕ್ ಯುದ್ಧದ ವಿರುದ್ಧ ಕವಿತೆ ಬರೆಯಿರೆಂದು ದೇಶದ ಕವಿಗಳನ್ನು ಕೂಗಿದರು. ಸಾವಿರಾರು ಕವಿತೆ ಬಂದವು. ಶ್ವೇತಭವನದ ಗೋಷ್ಠಿಯೇ ನಿಂತುಹೋಯಿತು. ಈ ಹ್ಯಾಮಿಲ್, ಕೂಸರ್ ಅವರ ಪುಲಿಟ್ಜರ್ ಪಡೆದ ಪುಸ್ತಕವನ್ನು ಹೊರತಂದ ಕಾಪರ್ ಕ್ಯಾನಿಯನ್ ಪ್ರಕಾಶನದ ಸ್ಥಾಪಕರಲ್ಲಿ ಒಬ್ಬರು. ಒಂದೇ ಪ್ರಕಾಶನದ ಸೂರಿನಡಿ ಒಬ್ಬರು ಬೀದಿಗಿಳಿದಿದ್ದರು, ಇನ್ನೊಬ್ಬರು ಗುಂಡಿ ತುಂಬಿದ ಜಾಡಿ, ಹಚ್ಚೆ ಹಾಕಿಸಿಕೊಂಡ ಮುದುಕ, ಪಾತ್ರೆ ತೊಳೆದ ನೀರು ಚೆಲ್ಲುವ ಅಜ್ಜಿಯ ಕುರಿತು ಬರೆದಿದ್ದರು. ಎಲ್ಲ ಕವಿಗಳೂ ಘೋಷಣೆ ಕೂಗಬೇಕೆಂದು ನಾನು ಹೇಳುತ್ತಿಲ್ಲ. ಆದರೆ ತನಗೇನೂ ಬಾಕಿ ಇಲ್ಲದ ಓದುಗರ ಮನೆಗೆ ಹೋಗುವ ಕವಿ, ಆ ಮನೆಯವರಿಗೆ ಮುಜುಗರವಾಗುವ ಮಾತನ್ನು ಎತ್ತಲು ಹಿಂಜರಿಯುತ್ತಾನೆ. ಈ ಸಂಕೋಚವೇ ಅವನ ಸೌಜನ್ಯ, ಅವನ ಮಿತಿಯೂ ಅದೇ.

ಪಾಳು ಮನೆಗೇ ಮತ್ತೆ ಹೋಗೋಣ. ಆ ಮನೆ ನಿಂತ ನೆಲ ಯಾರದು? 1862ರ ಹೋಂಸ್ಟೆಡ್ ಕಾಯ್ದೆಯಡಿ ವಲಸಿಗರಿಗೆ ಜಮೀನು ಹಂಚಲಾದ ರಾಜ್ಯಗಳಲ್ಲಿ ನೆಬ್ರಾಸ್ಕ ಮುಖ್ಯವಾದದ್ದು. 1870ರ ದಶಕದಲ್ಲಿ ಪಾನಿ ಎಂಬ ಮೂಲನಿವಾಸಿ ಜನರನ್ನು ಅಲ್ಲಿಂದ ಒಕ್ಕಲೆಬ್ಬಿಸಿ ಈಗಿನ ಒಕ್ಲಹೋಮಾಕ್ಕೆ ಸಾಗಿಸಲಾಯಿತು. ಬೂಟು, ಮಂಚ, ಬೈಬಲ್ಲು ಸಾಕ್ಷಿ ಹೇಳುವ ಆ ಮನೆಯಲ್ಲಿ ಈ ಮೊದಲಿನವರ ಪರವಾಗಿ ಸಾಕ್ಷಿ ಹೇಳಲು ಒಂದು ಸಾಮಾನೂ ಇಲ್ಲ. ಮಸ್ಕೋಗಿ ಬುಡಕಟ್ಟಿನ ಜಾಯ್ ಹಾರ್ಜೊ 2019ರಲ್ಲಿ ಪೊಯೆಟ್ ಲಾರಿಯೇಟ್ ಆದ ಮೇಲೆ, ಮೂಲನಿವಾಸಿ ಕವಿಗಳನ್ನು ದೇಶದ ನಕ್ಷೆಯ ಮೇಲೆ ಗುರುತಿಸುವ ಕೆಲಸವನ್ನೇ ತಮ್ಮ ಯೋಜನೆಯಾಗಿ ಕೈಗೆತ್ತಿಕೊಂಡದ್ದು ಇಂಥ ಬಿಟ್ಟುಹೋದ ಜಾಗಗಳನ್ನು ತುಂಬುವುದಕ್ಕೇ. ಕೂಸರ್ ಇತಿಹಾಸಕ್ಕೆ ಹೆಚ್ಚು ಹತ್ತಿರ ಬಂದದ್ದು ‘ದಿ ಬ್ಲಿಜರ್ಡ್ ವಾಯ್ಸಸ್’ (1986) ಎಂಬ ಕಿರುಹೊತ್ತಗೆಯಲ್ಲಿ. 1888ರ ಜನವರಿ 12ರಂದು ಆ ಬಯಲುನಾಡಿನಲ್ಲಿ ಬೆಳಿಗ್ಗೆ ಹಿತವಾಗಿದ್ದ ಹವೆ ಕ್ಷಣದಲ್ಲಿ ಕೆಟ್ಟು, ಹಿಮಗಾಳಿಗೆ ಸಿಕ್ಕಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಶಾಲೆಯಿಂದ ಮನೆಗೆ ಹೊರಟ ಮಕ್ಕಳು ಅವರಲ್ಲಿ ಎಷ್ಟೋ. ಬದುಕುಳಿದವರ ನೆನಪಿನ ಬರಹಗಳನ್ನು ಆಧರಿಸಿ ಕೂಸರ್ ಒಂದೊಂದು ದನಿಗೂ ಒಂದೊಂದು ಕವಿತೆ ಕೊಟ್ಟರು. ಭಾವುಕತೆ ಹತ್ತಿರ ಸುಳಿಯದ, ಮೈ ಕೊರೆಯುವ ಪುಸ್ತಕ. ಅಲ್ಲೂ ತಪ್ಪಿತಸ್ಥ ಮಾತ್ರ ಹವಾಮಾನವೇ.

ನಿವೃತ್ತಿಯ ನಂತರ ಕೂಸರ್ ಕೂಡ ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಕಾಂಪೌಂಡಿನ ಹೊರಗಿನ ಕವಿ ಎಂದು ಅವರನ್ನು ಮೆರೆಸುವವರು ಇದನ್ನು ಮರೆಯುತ್ತಾರೆ. ಹೊಸದಾಗಿ ಬರೆಯುವವರಿಗೆಂದು ಅವರು ಬರೆದ ‘ದಿ ಪೊಯೆಟ್ರಿ ಹೋಮ್ ರಿಪೇರ್ ಮ್ಯಾನ್ಯುಯಲ್’ (2005) ಈಗ ಅದೇ ತರಗತಿಗಳಲ್ಲಿ ಪಠ್ಯ. ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ ಎಂಬುದೇ ಅದರ ಮುಖ್ಯ ಪಾಠ.

2020ರ ಕೊನೆಗೆ ಕೂಸರ್ ಅಂಕಣವನ್ನು ಕವಿ ಕ್ವಾಮೆ ಡಾಸ್ ಅವರಿಗೆ ಒಪ್ಪಿಸಿದರು. ಆ ಹೊತ್ತಿಗೆ ಅದು ನೆಚ್ಚಿಕೊಂಡಿದ್ದ ಗಾಡಿಯೇ ಮುರಿಯತೊಡಗಿತ್ತು. 2005ರಿಂದ ಈಚೆಗೆ ಅಮೆರಿಕ ತನ್ನ ಪತ್ರಿಕೆಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚನ್ನು ಕಳೆದುಕೊಂಡಿದೆ. ಮುಚ್ಚಿದವುಗಳಲ್ಲಿ ಬಹುಪಾಲು ಸಣ್ಣ ಊರಿನ ವಾರಪತ್ರಿಕೆಗಳು. ಡಾಸ್ ಘಾನಾದಲ್ಲಿ ಹುಟ್ಟಿ ಜಮೈಕಾದಲ್ಲಿ ಬೆಳೆದವರು, ನೆಬ್ರಾಸ್ಕದಲ್ಲಿ ಪ್ರಾಧ್ಯಾಪಕರಾಗಿದ್ದವರು. ಜಮೈಕಾದ ಎಚ್‌ಐವಿ ಸೋಂಕಿತರ ಜೊತೆ ಕೂತು, ಅವರ ಮಾತು ಕೇಳಿ, ಅವರಿಗೂ ತಿಳಿಯುವ ಕವಿತೆ ಬರೆದವರು. ಆ ಕೆಲಸದಿಂದ ಹುಟ್ಟಿದ ಜಾಲತಾಣಕ್ಕೆ 2009ರಲ್ಲಿ ಎಮಿ ಪ್ರಶಸ್ತಿ ಬಂತು. ಗುಲಾಮಗಿರಿಯ ಇತಿಹಾಸವೂ ಅವರ ಕಾವ್ಯದ ವಸ್ತು. ಕೂಸರ್ ಹಾಕಿಕೊಟ್ಟ ಚೌಕಟ್ಟನ್ನು ಅವರು ಬದಲಿಸಲಿಲ್ಲ: ಎರಡು ಮಾತಿನ ಪರಿಚಯ, ಕೆಳಗೆ ಚಿಕ್ಕ ಕವಿತೆ, ಓದುವವರ ಹೊತ್ತಿಗೆ ಅದೇ ಮರ್ಯಾದೆ. ಕೂಸರ್ ಅವರ ತಿಳಿತನಕ್ಕೂ ಅವರ ಸಂಕೋಚಕ್ಕೂ ಬಿಡಿಸಲಾಗದ ಗಂಟು ಬಿದ್ದಿದೆ ಎನ್ನುವವರು ಡಾಸ್ ಅವರ ಕವಿತೆಗಳನ್ನು ಒಮ್ಮೆ ಓದಿ ನೋಡಬೇಕು.